ಬೆಳೆ ಹೋಯಿತೆಂದರೆ ಮನೆಯಲ್ಲಿ ಅವಿಧೇಯತೆ ಇದೆಯೆಂದೇ ಅರ್ಥವೇ?

ಸಿಂಧನೂರು ತಾಲ್ಲೂಕಿನ ಸಹೋದರಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಒಂದು ಪ್ರಶ್ನೆ ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದೆ. ತಿಳಿದವರು ವಚನದ ಆಧಾರದಿಂದ ಉತ್ತರ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ನಾವು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಲೀಜಿಗೆ ಜಮೀನು ಹಿಡಿದು ಭತ್ತ ಬೆಳೆಯುವವರು. ಕಳೆದ ಹಂಗಾಮಿನಲ್ಲಿ ತೆನೆ ಕಟ್ಟುವ ಹೊತ್ತಿಗೆ ಸರಿಯಾಗಿ ತೂಬಿನಲ್ಲಿ ನೀರು ನಿಂತಿತು. ಅರ್ಧಕ್ಕಿಂತ ಹೆಚ್ಚು ಜೊಳ್ಳಾಯಿತು. ಲೀಜಿನ ಹಣ, ಗೊಬ್ಬರದ ಅಂಗಡಿಯ ಉದ್ದರಿ, ಸಾಲ ಕೊಟ್ಟ ಸಂಘದ ಕಂತು ಎಲ್ಲವೂ ಹಾಗೆಯೇ ಉಳಿದಿವೆ. ಇದನ್ನು ಸಭೆಯಲ್ಲಿ ಪ್ರಾರ್ಥನೆಗೆ ಕೊಟ್ಟೆ. ಎಲ್ಲರೂ ಪ್ರಾರ್ಥಿಸಿದರು. ಆಮೇಲೆ ಇಬ್ಬರು ಹಿರಿಯರು ಮನೆಗೆ ಬಂದು ಬೈಬಲಿನ ಧರ್ಮೋಪದೇಶಕಾಂಡ 28ನೇ ಅಧ್ಯಾಯ ಓದಿದರು. ವಿಧೇಯರ ಹೊಲಕ್ಕೆ ಆಶೀರ್ವಾದ, ಅವಿಧೇಯರ ಹೊಲಕ್ಕೆ ಶಾಪ ಎಂದು ಬರೆದಿದೆ, ನಿಮ್ಮ ಮನೆಯಲ್ಲಿ ಎಲ್ಲೋ ಅವಿಧೇಯತೆ ಅಡಗಿದೆ, ಹುಡುಕಿಕೊಳ್ಳಿ ಎಂದು ಹೇಳಿ ಎದ್ದು ಹೋದರು. ಅಂದಿನಿಂದ ನನ್ನ ಯಜಮಾನರು ಆರಾಧನೆಗೆ ಬರುತ್ತಿಲ್ಲ.

ದೇವರ ಮಾತು ಕೇಳಿದವರಿಗೆ ಆಶೀರ್ವಾದವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಮದುವೆಯಾದಾಗಿನಿಂದ ಆತನ ಕೈ ನಮ್ಮ ಮೇಲಿರುವುದನ್ನು ಕಂಡಿದ್ದೇನೆ. ಆದರೆ ಅದನ್ನೇ ಹಿಂದುಮುಂದು ಮಾಡಿ, ಬೆಳೆ ಬರಲಿಲ್ಲ ಎಂದಮೇಲೆ ಪಾಪ ಇದ್ದೇ ಇದೆ ಎಂದು ಹೇಳಲು ವಚನದಲ್ಲಿ ಅಪ್ಪಣೆ ಇದೆಯೇ?

ಕೊಪ್ಪಳದ ಯುವಸೇವಕ

ಸಹೋದರಿ, ನಿಮ್ಮ ಮನೆಗಾಗಿ ಪ್ರಾರ್ಥಿಸುತ್ತೇನೆ. ಆದರೂ ಒಂದು ಮಾತು ಹೇಳಬೇಕು. ನಮ್ಮ ಅನುಭವಕ್ಕೆ ಹೊಂದುವಂತೆ ವಚನವನ್ನು ತಗ್ಗಿಸಬಾರದು. 28ನೇ ಅಧ್ಯಾಯದ ಮೊದಲ 14 ವಚನಗಳಲ್ಲಿ ಯಾವ ಮುಸುಕೂ ಇಲ್ಲ. ಊರಿನಲ್ಲಿ ಆಶೀರ್ವಾದ, ಹೊಲದಲ್ಲಿ ಆಶೀರ್ವಾದ, ದನಕರುಗಳಿಗೆ ಆಶೀರ್ವಾದ, ಹಿಟ್ಟು ನಾದುವ ಪಾತ್ರೆಗೂ ಆಶೀರ್ವಾದ. ಕೊಟ್ಟ ದೇವರು ಸುಳ್ಳಾಡುವವನಲ್ಲ.

ನಮ್ಮ ಮನೆಯನ್ನೇ ಸಾಕ್ಷಿಯಾಗಿ ಹೇಳುತ್ತೇನೆ. ನಮ್ಮ ತಂದೆ ದುಡಿದದ್ದನ್ನೆಲ್ಲ ಸಾರಾಯಿಗೆ ಸುರಿಯುತ್ತಿದ್ದರು. ಕರ್ತನಿಗೆ ತಮ್ಮನ್ನು ಒಪ್ಪಿಸಿಕೊಟ್ಟ ಮೇಲೆ ಕುಡಿತ ಬಿಟ್ಟರು. ಅದೇ ದುಡಿಮೆಯಲ್ಲಿ ಮನೆ ಕಟ್ಟಿಸಿದರು, ತಂಗಿಯನ್ನು ಓದಿಸಿದರು. ಇದು ವಿಧೇಯತೆಯ ಫಲವಲ್ಲದೆ ಮತ್ತೇನು? ಹಿರಿಯರು ನಿಮ್ಮ ಮನೆಗೆ ಬಂದ ರೀತಿ ಒರಟಾಗಿತ್ತು, ಒಪ್ಪುತ್ತೇನೆ. ಆದರೆ ನಮ್ಮನ್ನು ನಾವು ಪರೀಕ್ಷಿಸಿಕೊಳ್ಳುವುದರಲ್ಲಿ ತಪ್ಪೇನಿದೆ?

ಮಾನ್ವಿ ಕಡೆಯ ರೈತ

ಅಕ್ಕ, ನಿಮ್ಮ ತೂಬಿನಲ್ಲಿ ನೀರು ಏಕೆ ನಿಂತಿತು ಎಂಬುದಕ್ಕೆ ಉತ್ತರವನ್ನು ನಿಮ್ಮ ಅಡುಗೆಮನೆಯಲ್ಲಿ ಹುಡುಕಬೇಕಾಗಿಲ್ಲ, ಕಾಲುವೆಯ ಗುಂಟ ನಡೆದರೆ ಸಿಗುತ್ತದೆ. ಮೇಲ್ಭಾಗದಲ್ಲಿ ಕಾಲುವೆಗೇ ಪಂಪ್‌ಸೆಟ್ ಇಟ್ಟು, ಪೈಪ್ ಎಳೆದು ಅಚ್ಚುಕಟ್ಟಿಗೆ ಸೇರದ ಜಮೀನಿಗೂ ನೀರೆತ್ತುತ್ತಾರೆ. ಜೋಳ, ಹತ್ತಿಯಂತಹ ಕಡಿಮೆ ನೀರಿನ ಬೆಳೆಗೆಂದು ಗೊತ್ತುಮಾಡಿದ ಜಮೀನಿನಲ್ಲಿ ಭತ್ತ ನಾಟಿ ಮಾಡುತ್ತಾರೆ. ಕೊನೆ ಭಾಗಕ್ಕೆ ಬರುವಷ್ಟರಲ್ಲಿ ಕಾಲುವೆಯ ತಳ ಕಾಣುತ್ತಿರುತ್ತದೆ. ನಾವೂ ಕೊನೆ ಭಾಗದಲ್ಲಿ ಭತ್ತದ ಆಸೆಗೇ ಬಿದ್ದಿದ್ದೇವೆ, ಆ ಮಾತು ಬೇರೆ ಆಡಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ದಶಮಾಂಶ, ಅಂದರೆ ಗಳಿಕೆಯ ಹತ್ತರಲ್ಲೊಂದು ಪಾಲು, ಕೊಟ್ಟವನ ಪಾಲಿನ ನೀರು ಉಳಿದು, ಕೊಡದವನ ಪಾಲಿನ ನೀರು ಮಾತ್ರ ಹರಿದುಹೋಯಿತೇ? ಎಲ್ಲರ ನೀರೂ ಹೋಯಿತು. ಹರಿಯುವ ನೀರಿನಲ್ಲೇ ತಡೆಹಲಗೆ ಇಳಿಸಿದರು, ಆಮೇಲೆ ಮಳೆ ಬಂದು ಅಣೆಕಟ್ಟು ಮತ್ತೆ ತುಂಬಿತು, ಅದೂ ಎಲ್ಲರಿಗೂ. ಮತ್ತಾಯ 5:45ರಲ್ಲಿ ಯೇಸುಸ್ವಾಮಿ ಹೇಳಿದ್ದು ಇದನ್ನೇ ಅಲ್ಲವೇ? ನೀತಿವಂತರ ಮೇಲೂ ಅನೀತಿವಂತರ ಮೇಲೂ ತಂದೆ ಮಳೆ ಸುರಿಸುತ್ತಾನೆ.

ಬಳ್ಳಾರಿಯ ನಿವೃತ್ತ ಉಪಾಧ್ಯಾಯ

ಚರ್ಚೆ ಒಳ್ಳೆಯ ಕಡೆಗೆ ಹೊರಟಿದೆ. 28ನೇ ಅಧ್ಯಾಯವನ್ನು ಹಿಡಿದು ಮಾತನಾಡುವವರಲ್ಲಿ ನನ್ನದೊಂದು ವಿನಂತಿ: ಒಂದು ಹಾಳೆ ಹಿಂದಕ್ಕೆ ತಿರುಗಿಸಿ, 27ನ್ನೂ ಓದಿ. ಗೆರಿಜೀಮ್ ಮತ್ತು ಏಬಾಲ್ ಬೆಟ್ಟಗಳ ಮುಂದೆ ಇಡೀ ಜನಾಂಗ ನಿಂತು ಆಮೆನ್ ಹೇಳಬೇಕಾದ ಶಾಪಗಳು ಅಲ್ಲಿವೆ. ಯಾರ ಮೇಲೆ ಆ ಶಾಪ? ವಿಗ್ರಹವನ್ನು ಗುಟ್ಟಾಗಿ ಇಟ್ಟುಕೊಂಡವನ ಮೇಲೆ, ತಂದೆತಾಯಿಗಳನ್ನು ಅವಮಾನಿಸಿದವನ ಮೇಲೆ, ನೆರೆಯವನ ಬಾಂದುಗಲ್ಲು ಸರಿಸಿದವನ ಮೇಲೆ, ಕುರುಡನಿಗೆ ದಾರಿ ತಪ್ಪಿಸಿದವನ ಮೇಲೆ, ಪರದೇಶಿ, ಅನಾಥ, ವಿಧವೆಯರ ನ್ಯಾಯ ಕೆಡಿಸಿದವನ ಮೇಲೆ, ಮರೆಯಲ್ಲಿ ನೆರೆಯವನನ್ನು ಹೊಡೆದವನ ಮೇಲೆ. ಅವಿಧೇಯತೆ ಎಂದರೆ ಏನೆಂದು ಮೋಶೆ ಇಷ್ಟು ಬಿಡಿಸಿ ಹೇಳಿದ ಮೇಲೆಯೇ 28 ಬರುತ್ತದೆ. ಸಾಲದಲ್ಲಿ ಮುಳುಗಿದ ಲೀಜಿನ ರೈತನ ಮನೆಗೆ ಹೋಗಿ ಓದುವುದಕ್ಕಿಂತ, ಬಾಂದುಗಲ್ಲು ಸರಿಸಿದವನ ಮನೆಗೆ ಹೋಗಿ ಓದಬೇಕಾದ ಅಧ್ಯಾಯ ಅದು.

ಇನ್ನೊಂದು ಸಂಗತಿ. ಶಾಲೆಯಿಂದ ನಿವೃತ್ತನಾದ ಮೇಲೆ ನನಗೆ ಬಿಡುವು ಸಿಕ್ಕಿತು. ಧರ್ಮೋಪದೇಶಕಾಂಡದಲ್ಲಿ ದೇವರು ನಿನ್ನ ಕೈಕೆಲಸವನ್ನು ಆಶೀರ್ವದಿಸುವನು ಎಂಬ ಮಾತು ಎಲ್ಲೆಲ್ಲಿ ಬರುತ್ತದೆ, ಅದರ ಹಿಂದೆ ಯಾವ ಆಜ್ಞೆ ಇದೆ ಎಂದು ಗುರುತುಹಾಕುತ್ತ ಹೋದೆ. ನೀವೂ ತೆಗೆದು ನೋಡಿ. 14:29ರಲ್ಲಿ, ಮೂರನೆಯ ವರ್ಷದ ದಶಮಾಂಶವನ್ನು ಊರಬಾಗಿಲಲ್ಲೇ ಇಟ್ಟು ದೇವಾಲಯದ ಸೇವೆಯ ಲೇವಿಯನೂ ಪರದೇಶಿಯೂ ಅನಾಥನೂ ವಿಧವೆಯೂ ಹೊಟ್ಟೆತುಂಬ ಉಣ್ಣಲಿ ಎಂದು ಹೇಳಿದ ಮೇಲೆ. 15:10ರಲ್ಲಿ, ಬಡವನಿಗೆ ಕೊಡುವಾಗ ಮನಸ್ಸಿನಲ್ಲಿ ಗೊಣಗಬೇಡ ಎಂದ ಮೇಲೆ. 15:18ರಲ್ಲಿ, ಆರು ವರ್ಷ ದುಡಿದ ಆಳನ್ನು ಬಿಡುಗಡೆ ಮಾಡುವಾಗ ಬರಿಗೈಯಲ್ಲಿ ಕಳುಹಿಸಬೇಡ ಎಂದ ಮೇಲೆ. 23:20ರಲ್ಲಿ, ಸಹೋದರನಿಂದ ಬಡ್ಡಿ ತೆಗೆದುಕೊಳ್ಳಬೇಡ ಎಂದ ಕಡೆ. 24:19ರಲ್ಲಿ, ಹೊಲದಲ್ಲಿ ಮರೆತು ಬಂದ ಸಿವುಡನ್ನು ತರಲು ಹಿಂದಿರುಗಬೇಡ, ಅದು ಬಡವರಿಗಿರಲಿ ಎಂದ ಕಡೆ.

ಈ ಐದೂ ಸ್ಥಳಗಳಲ್ಲಿ ಆಶೀರ್ವಾದಕ್ಕೆ ಹೋಗುವ ದಾರಿ ಇನ್ನೊಬ್ಬರ ಊಟದ ತಟ್ಟೆಯನ್ನು ದಾಟಿಯೇ ಹೋಗುತ್ತದೆ. ಅದೇ ಪುಸ್ತಕದ 24:13 ನೋಡಿ. ಅಡವಿಟ್ಟ ಕಂಬಳಿಯನ್ನು ಹೊತ್ತು ಮುಳುಗುವ ಮೊದಲೇ ಬಡವನಿಗೆ ಹಿಂದಿರುಗಿಸಿದರೆ ಅವನು ಅದನ್ನು ಹೊದ್ದು ಮಲಗಿ ನಿನ್ನನ್ನು ಆಶೀರ್ವದಿಸುವನು ಎಂದಿದೆ. ಅಲ್ಲಿ ಆಶೀರ್ವಾದ ಹೊರಡುವುದು ಆ ಬಡವನ ಬಾಯಿಂದ. ಹೀಗಿರುವಾಗ ಸಹೋದರಿಯ ಮನೆಗೆ ಬಂದ ಹಿರಿಯರು ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ನಿಮ್ಮ ಮನೆಯಲ್ಲಿ ಈ ತಿಂಗಳು ಅಕ್ಕಿ ಇದೆಯೇ?

ಸಿಂಧನೂರು ತಾಲ್ಲೂಕಿನ ಸಹೋದರಿ

ಸರ್, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 27ನೇ ಅಧ್ಯಾಯವನ್ನು ನಮ್ಮ ಸಭೆಯಲ್ಲಿ ಓದಿದ್ದೇ ನನಗೆ ನೆನಪಿಲ್ಲ.

ಕೊಪ್ಪಳದ ಯುವಸೇವಕ

ಉಪಾಧ್ಯಾಯರ ಮಾತು ಗೌರವಕ್ಕೆ ತಕ್ಕದ್ದು. ಆದರೆ ಮಲಾಕಿ 3:10 ಬೇರೆ ರೀತಿ ಹೇಳುತ್ತದೆ. ದಶಮಾಂಶವನ್ನೆಲ್ಲ ಬೊಕ್ಕಸಕ್ಕೆ ತನ್ನಿ, ನನ್ನನ್ನು ಪರೀಕ್ಷಿಸಿ, ಪರಲೋಕದ ದ್ವಾರಗಳನ್ನು ತೆರೆದು ಸ್ಥಳ ಸಾಲದಷ್ಟು ಸುರಿಯುತ್ತೇನೋ ಇಲ್ಲವೋ ನೋಡಿ ಎಂದು ದೇವರೇ ಕರೆಯುತ್ತಾನೆ. ಅಲ್ಲಿ ಪ್ರಶ್ನೆ ದೇವಾಲಯಕ್ಕೆ ಕೊಡುವುದರದ್ದು. ದೇವರ ಮನೆಯನ್ನು ಮರೆತು ಬರೀ ಸಮಾಜಸೇವೆ ಮಾಡಿದರೆ ವಿಧೇಯತೆ ಪೂರ್ತಿಯಾಯಿತೇ?

ಬಳ್ಳಾರಿಯ ಜೀನ್ಸ್ ಹೊಲಿಗೆ ಕೆಲಸಗಾರ

ತಮ್ಮಾ, ಮಲಾಕಿ 3:10 ನನಗೂ ಬಾಯಿಪಾಠ. ನಮ್ಮ ಸಭೆಯಲ್ಲಿ ಕಾಣಿಕೆ ಚೀಲ ತಿರುಗುವಾಗಲೆಲ್ಲ ಓದುತ್ತಾರೆ. ಅದೇ ಅಧ್ಯಾಯದಲ್ಲಿ ಐದು ವಚನ ಮೇಲೆ, 3:5ರಲ್ಲಿ, ಕೂಲಿಯವನ ಕೂಲಿಯಲ್ಲಿ ವಂಚಿಸುವವರಿಗೂ ವಿಧವೆ ಅನಾಥರನ್ನು ಪೀಡಿಸುವವರಿಗೂ ವಿರೋಧವಾಗಿ ನಾನೇ ಬೇಗನೆ ಬಂದು ಸಾಕ್ಷಿ ನಿಲ್ಲುತ್ತೇನೆ ಎಂದು ಅದೇ ದೇವರು ಹೇಳುತ್ತಾನೆ. ಕಾಣಿಕೆಯ ಹೊತ್ತಿನಲ್ಲಿ ಅದನ್ನು ಓದಿದ್ದನ್ನು ನಾನು ಕೇಳಿಲ್ಲ.

ನಮ್ಮಲ್ಲಿ ಪ್ಯಾಂಟಿನ ಲೆಕ್ಕದಲ್ಲಿ ಕೂಲಿ. ಶನಿವಾರ ಬಟವಾಡೆ. ನಾನು ಮೊದಲು ದುಡಿಯುತ್ತಿದ್ದ ಘಟಕದ ಮಾಲೀಕರು ನಮ್ಮ ವಿಶ್ವಾಸದವರೇ. ಬೆಳಿಗ್ಗೆ ಮಷಿನ್ ಚಾಲೂ ಮಾಡುವ ಮುನ್ನ ಎಲ್ಲರನ್ನೂ ನಿಲ್ಲಿಸಿ ಪ್ರಾರ್ಥನೆ ಮಾಡಿಸುತ್ತಿದ್ದರು. ಆದರೆ ಬಟವಾಡೆ ಶನಿವಾರದಿಂದ ಶನಿವಾರಕ್ಕೆ ಮುಂದೆ ಹೋಗುತ್ತಿತ್ತು. ಕೇಳಿದರೆ ತಾಳ್ಮೆಯ ಬಗ್ಗೆ ವಚನ ಹೇಳುತ್ತಿದ್ದರು. ಆ ವರ್ಷ ಕ್ರಿಸ್ಮಸ್ಸಿಗೆ ಸಭೆಗೆ ದೊಡ್ಡ ಸ್ಪೀಕರ್‌ಗಳನ್ನು ಕಾಣಿಕೆ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದ ಮಷಿನ್‌ನಲ್ಲಿ ಕೂರುತ್ತಿದ್ದ ಹೆಣ್ಣುಮಗಳು ಅಂದು ಮಗುವಿಗೆ ಹೊಸ ಅಂಗಿ ತರಲಾಗದೆ ಆರಾಧನೆಗೇ ಬಂದಿರಲಿಲ್ಲ.

ಯಾಜಕಕಾಂಡ 19:13 ಕೂಲಿಯನ್ನು ಬೆಳಗಾಗುವ ತನಕ ಇಟ್ಟುಕೊಳ್ಳಬೇಡ ಎನ್ನುತ್ತದೆ. ಒಂದು ರಾತ್ರಿಯ ಮಟ್ಟಿಗೂ ಬೇಡ. ಯಾಕೋಬ 5:4 ಅದಕ್ಕಿಂತ ಖಾರ: ತಡೆಹಿಡಿದ ಕೂಲಿಯೇ ಕೂಗುತ್ತದೆ, ಆ ಕೂಗು ಸೇನಾಧೀಶ್ವರನಾದ ದೇವರ ಕಿವಿಗೆ ಬಿದ್ದಿದೆ. ಅರಸನಾದ ಸೌಲನೂ ಎಲ್ಲವನ್ನೂ ನಾಶಮಾಡು ಎಂಬ ದೇವರ ಮಾತು ಮೀರಿ ಅಮಾಲೇಕ್ಯರ ಕೊಬ್ಬಿದ ಕುರಿಗಳನ್ನು ಉಳಿಸಿಕೊಂಡು ಬಂದು, ಇದು ಯಜ್ಞಕ್ಕೆ ಎಂದ. ಪ್ರವಾದಿ ಸಮುವೇಲನು ಏನು ಉತ್ತರ ಕೊಟ್ಟನೆಂಬುದು ಎಲ್ಲರಿಗೂ ಗೊತ್ತು, ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮ. ದೇವರ ಮನೆಯನ್ನು ಮರೆಯಿರಿ ಎಂದು ನಾನು ಹೇಳುವುದಿಲ್ಲ. ನನ್ನ ದಶಮಾಂಶ ನಾನು ಕೊಡುತ್ತೇನೆ, ಸಂತೋಷದಿಂದ ಕೊಡುತ್ತೇನೆ. ಆದರೆ ನಮ್ಮ ಕೂಲಿ ತಡೆದವರ ಕಾಣಿಕೆಯನ್ನು ಆಶೀರ್ವಾದದ ಗುರುತೆಂದು ವೇದಿಕೆಯಿಂದ ಹೊಗಳಿದಾಗ ನನ್ನ ಎದೆ ಉರಿಯುತ್ತದೆ.

ಗಂಗಾವತಿ ಕಡೆಯ ಸಭಾಪಾಲಕ

ನಾನು ಕಾಲುವೆ ನೀರಿಗೆಂದು ವಲಸೆ ಬಂದ ರೈತರ ಊರುಗಳಾದ ಕ್ಯಾಂಪುಗಳಲ್ಲಿ ಸೇವೆ ಮಾಡುವವನು. ತೆಲುಗಿನವರೂ ಕನ್ನಡದವರೂ ಕೂಡುವ ಸಭೆ, ಎರಡೂ ಭಾಷೆಯಲ್ಲಿ ಪ್ರಸಂಗ. ಮೇಲ್ಭಾಗದ ನೀರಿನಲ್ಲಿ ಸೋನಾಮಸೂರಿ ಬೆಳೆಯುವವರೂ, ಅವರ ಗದ್ದೆಯಲ್ಲಿ ನಾಟಿಗೆ ಬರುವ ಹೆಣ್ಣುಮಕ್ಕಳೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಆದ್ದರಿಂದ ಈ ಪ್ರಶ್ನೆ ನನಗೆ ಪುಸ್ತಕದ ಪ್ರಶ್ನೆಯಲ್ಲ.

ಮೊದಲು ಸಹೋದರಿಯ ನೇರ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಅಂಥ ಅಪ್ಪಣೆ ಇಲ್ಲ. ನೀತಿವಂತನಾಗಿದ್ದೂ ಎಲ್ಲವನ್ನೂ ಕಳೆದುಕೊಂಡ ಯೋಬನಿಗೆ ಅವನ ಸ್ನೇಹಿತರು ಮಾಡಿದ್ದು ಅದನ್ನೇ. ಅವರು ಆಡಿದ ಅನೇಕ ಮಾತುಗಳು ಬಿಡಿಬಿಡಿಯಾಗಿ ಸರಿಯಾಗಿಯೇ ಇವೆ. ಆದರೂ ಕೊನೆಯ ಅಧ್ಯಾಯದಲ್ಲಿ ದೇವರು ಎಲೀಫಜನಿಗೆ, ನಿನ್ನ ಮೇಲೂ ನಿನ್ನ ಇಬ್ಬರು ಸ್ನೇಹಿತರ ಮೇಲೂ ಕೋಪಗೊಂಡಿದ್ದೇನೆ ಎನ್ನುತ್ತಾನೆ. ಕಾರಣ ತಿಳಿಯದೆ ಕಾರಣ ಹೇಳಿದವರ ಮೇಲೆ ಆ ಕೋಪ. ಅವರಿಗಾಗಿ ಪ್ರಾರ್ಥಿಸಬೇಕಾದವನು ಅದೇ ಯೋಬ. ನಿಮ್ಮ ಮನೆಗೆ ಬಂದ ಹಿರಿಯರಿಗಾಗಿ ನೀವು ಪ್ರಾರ್ಥಿಸಿ. ಇದನ್ನು ನಾನು ಭಾರವಾದ ಮನಸ್ಸಿನಿಂದಲೇ ಹೇಳುತ್ತಿದ್ದೇನೆ, ಸುಲಭವಲ್ಲವೆಂದು ಗೊತ್ತು.

ಇನ್ನೊಂದು ಕಡೆಯ ಭಯವೂ ನನಗಿದೆ. ಫಲ ಸಿಗದಿದ್ದರೆ ವಿಧೇಯತೆ ಏಕೆ ಎಂದು ಹುಡುಗರು ಕೇಳುತ್ತಾರೆ. ಅವರಿಗೆ ನಾನು ಚಾರೆಪ್ತಾದ ವಿಧವೆಯ ಕಥೆ ಹೇಳುತ್ತೇನೆ. 1 ಅರಸುಗಳು 17. ಬರಗಾಲದಲ್ಲಿ ಉಳಿದ ಒಂದು ಹಿಡಿ ಹಿಟ್ಟಿನಲ್ಲಿ ಮೊದಲ ರೊಟ್ಟಿಯನ್ನು ಪ್ರವಾದಿ ಎಲೀಯನಿಗೆ ಮಾಡಿಕೊಟ್ಟಳು. ಆಶೀರ್ವಾದ ಬಂತು. ಆದರೆ ಯಾವ ರೂಪದಲ್ಲಿ? ಕಣಜ ತುಂಬಲಿಲ್ಲ. ಮಡಕೆಯಲ್ಲಿ ಹಿಟ್ಟು ತೀರಲಿಲ್ಲ, ಮೊಗೆಯಲ್ಲಿ ಎಣ್ಣೆ ಬತ್ತಲಿಲ್ಲ, ಅಷ್ಟೇ. ಪ್ರತಿದಿನ ಆ ದಿನದ ಊಟ. ಅದಾದ ಮೇಲೆಯೇ ಅವಳ ಮಗ ಕಾಯಿಲೆ ಬಿದ್ದು ಸತ್ತ. ವಿಧೇಯಳಾದವಳ ಮನೆಯಲ್ಲಿ ಸಾವು! ಆಗ ಅವಳು ಎಲೀಯನಿಗೆ ಹೇಳಿದ ಮಾತನ್ನು ಗಮನಿಸಿ: ನನ್ನ ಪಾಪವನ್ನು ನೆನಪಿಗೆ ತಂದು ಮಗನನ್ನು ಸಾಯಿಸಲು ಬಂದೆಯಾ? ನಮ್ಮ ಹಿರಿಯರು ಹೇಳುವ ಮಾತನ್ನೇ ಆ ತಾಯಿ ತನಗೆ ತಾನೇ ಹೇಳಿಕೊಂಡಳು. ಎಲೀಯ ಹೌದು ಎನ್ನಲಿಲ್ಲ. ವಾದ ಮಾಡಲಿಲ್ಲ. ಮಗನನ್ನು ನನ್ನ ಕೈಗೆ ಕೊಡು ಎಂದು ಹೇಳಿ ಎತ್ತಿಕೊಂಡು ಮೇಲುಪ್ಪರಿಗೆಗೆ ಹೋಗಿ ದೇವರಿಗೆ ಮೊರೆಯಿಟ್ಟ. ಸೇವಕರಾದವರು ಮಾಡಬೇಕಾದದ್ದು ಇದು.

ಮುದಗಲ್ಲಿನ ಶುಶ್ರೂಷಕಿ

ನಾನು ಕಥೋಲಿಕಳು, ಇಲ್ಲಿ ಬಹುಪಾಲು ಬೇರೆ ಸಭೆಯವರಿದ್ದೀರಿ, ಆದರೂ ಬರೆಯಬೇಕೆನಿಸಿತು. ನಮ್ಮ ಊರಿನ ಕ್ರೈಸ್ತ ಸಮುದಾಯ ಆದಿಲ್‌ಶಾಹಿ ಕಾಲದಿಂದ ಇದೆ. ಅಷ್ಟು ತಲೆಮಾರುಗಳಲ್ಲಿ ಭೂಮಿ ಇದ್ದವರೂ ಇದ್ದರು, ಇಲ್ಲದವರೂ ಇದ್ದರು. ದೀಕ್ಷಾಸ್ನಾನ ಎಲ್ಲರಿಗೂ ಒಂದೇ.

ವಾರ್ಡಿನಲ್ಲಿ ನನಗೆ ದಿನವೂ ಕೇಳಿಬರುವ ಪ್ರಶ್ನೆ, ಸಿಸ್ಟರ್, ನಾನೇನು ಪಾಪ ಮಾಡಿದ್ದೆ? ಕ್ರೈಸ್ತರು, ಹಿಂದೂಗಳು, ಮುಸ್ಲಿಮರು, ಎಲ್ಲರೂ ಕೇಳುತ್ತಾರೆ. ಯೋಹಾನ 9ರಲ್ಲಿ ಶಿಷ್ಯರೂ ಹುಟ್ಟುಕುರುಡನನ್ನು ನೋಡಿ, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದರು. ಇವನೂ ಅಲ್ಲ, ಇವರೂ ಅಲ್ಲ ಎಂದು ಪ್ರಭು ಹೇಳಿ, ಮಣ್ಣು ಕಲಸಿ ಕಣ್ಣಿಗೆ ಹಚ್ಚಿದರು. ಲೂಕ 13ರಲ್ಲಿ ಸಿಲೋವದ ಗೋಪುರ ಬಿದ್ದು ಸತ್ತ 18 ಜನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ನೆನಸುತ್ತೀರೋ ಎಂದು ಅವರೇ ಕೇಳಿ, ಅಲ್ಲ ಎಂದು ಅವರೇ ಉತ್ತರಿಸಿದರು. ಎರಡು ಬಾರಿ ಪ್ರಭುವಿನ ಬಾಯಿಂದಲೇ ಅಲ್ಲ ಎಂಬ ಉತ್ತರ ಬಂದ ಮೇಲೆ ನಾವು ಹೌದು ಎನ್ನುವುದು ಯಾವ ಧೈರ್ಯದ ಮೇಲೆ?

ಇನ್ನು ವಿಧೇಯತೆ. ಇಬ್ರಿಯರಿಗೆ 5:8ರಲ್ಲಿ ಯೇಸು ಮಗನಾಗಿದ್ದರೂ ಅನುಭವಿಸಿದ ಬಾಧೆಗಳಿಂದಲೇ ವಿಧೇಯತೆಯನ್ನು ಕಲಿತರು ಎಂದಿದೆ. ಶಿಲುಬೆಯ ಕೆಳಗೆ ನಿಂತು, ಇವನು ದೇವರ ಮಗನಾಗಿದ್ದರೆ ಹೀಗೇಕಾಗುತ್ತಿತ್ತು ಎಂದವರು ಅಂದೂ ಇದ್ದರು.

ಗುಳೆ ಹೋಗಿರುವ ಲಿಂಗಸೂಗೂರಿನ ಸಹೋದರ

ಬೆಂಗಳೂರಿನ ಕಟ್ಟಡದ ಕೆಲಸದಲ್ಲಿದ್ದೇನೆ. ರಾತ್ರಿ ಶೆಡ್ಡಿನಲ್ಲಿ ಕುಳಿತು ಎಲ್ಲರ ಬರಹ ಓದಿದೆ. ನನ್ನದು ಚಿಕ್ಕ ಮಾತು. ಊರು ಬಿಟ್ಟು ಗುಳೆ ಬಂದವರನ್ನು ನಮ್ಮ ಕಡೆ ಆಶೀರ್ವಾದ ತಪ್ಪಿದವರು ಎನ್ನುವಂತೆ ನೋಡುತ್ತಾರೆ. ಯೆರೆಮೀಯ 29ರಲ್ಲಿ ಬಾಬೆಲಿಗೆ ಸೆರೆಹೋದವರಿಗೆ ದೇವರು ಪತ್ರ ಬರೆಸಿದ. ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ನಾನು ಕಟ್ಟುವ ಮನೆಯಲ್ಲಿ ಬೇರೆಯವರು ವಾಸಿಸುತ್ತಾರೆ. ಸಿಮೆಂಟಿನ ಪಾಲು ಕದಿಯದೆ, ಕಂಬಿ ಬಿಗಿಯಾಗಿ ಕಟ್ಟಿ ಕೆಲಸ ಮಾಡುವುದೇ ಅಲ್ಲಿ ನನ್ನ ವಿಧೇಯತೆ. ಯಾರೂ ಸಾಕ್ಷಿ ಹೇಳಲು ವೇದಿಕೆಗೆ ಕರೆಯುವುದಿಲ್ಲ. ಆದರೂ ಆ ಮನೆಯಲ್ಲಿ ಮಲಗುವ ಮಕ್ಕಳ ಮೇಲೆ ಸೂರು ಗಟ್ಟಿಯಾಗಿರುತ್ತದೆ.

ಭಾನುವಾರ ರಜೆ ಸಿಗದ ವಾರಗಳಿವೆ. ಇದಕ್ಕೆ ಸಭಾಪಾಲಕರು ಏನು ಹೇಳುತ್ತೀರಿ?

ಗಂಗಾವತಿ ಕಡೆಯ ಸಭಾಪಾಲಕ

ಸಹೋದರ, ರಜೆ ಕೊಡುವುದು ನಿಮ್ಮ ಕೈಯಲ್ಲಿಲ್ಲ. ಧರ್ಮೋಪದೇಶಕಾಂಡ 5:14ರಲ್ಲಿ ವಿಶ್ರಾಂತಿಯ ಆಜ್ಞೆ ಯಜಮಾನನಿಗೆ ಕೊಟ್ಟದ್ದು, ನಿನ್ನ ಆಳುಕಾಳುಗಳಿಗೂ ವಿಶ್ರಾಂತಿ ಸಿಗಲಿ ಎಂದು. ಅದನ್ನು ಮುರಿದ ಲೆಕ್ಕ ನಿಮ್ಮ ಹೆಸರಿನಲ್ಲಿ ಬರೆಯಲಾಗುವುದಿಲ್ಲ. ಶೆಡ್ಡಿನಲ್ಲಿ ಇಬ್ಬರು ಮೂವರು ಸೇರಿ ಯಾವ ರಾತ್ರಿಯಾದರೂ ಪ್ರಾರ್ಥಿಸಿ. ಇಬ್ಬರು ಮೂವರು ಸೇರಿದ ಕಡೆ ತಾನಿರುತ್ತೇನೆಂದು ಹೇಳಿದವನು ವಾರದ ದಿನವನ್ನು ಗೊತ್ತುಮಾಡಲಿಲ್ಲ.

ಬಳ್ಳಾರಿಯ ನಿವೃತ್ತ ಉಪಾಧ್ಯಾಯ

ಫಲ ಸಿಗದ ವಿಧೇಯತೆಯ ಬಗ್ಗೆ ಮಾತು ಬಂದದ್ದರಿಂದ ನಮ್ಮ ನೆಲದ ಎರಡು ಸಂಗತಿಗಳನ್ನು ಹೇಳಿಬಿಡುತ್ತೇನೆ.

ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಇಲ್ಲಿಯೇ ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಸಂಪೂರ್ಣ ಬೈಬಲ್ ಕನ್ನಡದಲ್ಲಿ ಹೊರಬಂದದ್ದು 1831ರಲ್ಲಿ. ನಡುವಿನ ವರ್ಷಗಳನ್ನು ಲೆಕ್ಕಹಾಕಿ ನೋಡಿ. ಪ್ರತಿ ಜನವರಿ ಒಂದರಂದು ವಾಗ್ದಾನದ ಕಾರ್ಡು ತೆಗೆದು ಈ ವರ್ಷದಲ್ಲೇ ಫಲ ಎಂದು ಕಾಯುವ ನಮಗೆ ಇಂಥ ದೀರ್ಘ ದುಡಿಮೆ ಅರ್ಥವಾಗುವುದು ಕಷ್ಟ. ಆ ವಿಧೇಯತೆಯ ಆಶೀರ್ವಾದವನ್ನು ಉಂಡವರು ಅವರಿಗಿಂತ ಹೆಚ್ಚಾಗಿ ನಾವು.

ಇನ್ನೊಂದು, 1876ರಿಂದ 78ರವರೆಗಿನ ಧಾತು ವರ್ಷದ ಬರ. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಆಗ ಈ ತುಂಗಭದ್ರಾ ಅಣೆಕಟ್ಟೂ ಇಲ್ಲ, ಇದರ ಕಾಲುವೆಗಳೂ ಇಲ್ಲ. ಸತ್ತವರಲ್ಲಿ ಪ್ರಾರ್ಥಿಸುವವರು ಇರಲಿಲ್ಲವೇ? ಪ್ರವಾದಿ ಹಬಕ್ಕೂಕನು ತನ್ನ ಪುಸ್ತಕದ ಕೊನೆಯಲ್ಲಿ ಅಂಜೂರ ಚಿಗುರದಿದ್ದರೂ, ಹೊಲ ಆಹಾರ ಕೊಡದಿದ್ದರೂ, ಹಟ್ಟಿಯಲ್ಲಿ ಕುರಿ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು ಎಂದು ಹಾಡಿದ. ಬರ ಕಂಡ ನಾಡಿನವನಿಗೆ ಮಾತ್ರ ಆ ಹಾಡಿನ ತೂಕ ಗೊತ್ತಾಗುತ್ತದೆ. 28ನೇ ಅಧ್ಯಾಯ ಇರುವ ಬೈಬಲಿನಲ್ಲೇ ಆ ಹಾಡೂ ಇದೆ, ಮತ್ತು ಅದನ್ನು ಹಾಡಿದವನನ್ನು ಅವಿಧೇಯನೆಂದು ಯಾರೂ ಕರೆಯಲಿಲ್ಲ. ಇಬ್ರಿಯ 11ರ ಕೊನೆಯಲ್ಲೂ ನಂಬಿಕೆಯಿಂದ ಒಳ್ಳೆಯ ಸಾಕ್ಷಿ ಹೊಂದಿದ ಇವರೆಲ್ಲರೂ ವಾಗ್ದಾನದ ಫಲವನ್ನು ಹೊಂದಲಿಲ್ಲ ಎಂದು ಬರೆದಿದೆ.

ಕೊಪ್ಪಳದ ಯುವಸೇವಕ

ಎಲ್ಲವನ್ನೂ ಓದಿದೆ. 27ನೇ ಅಧ್ಯಾಯದ ಮಾತನ್ನೂ ಮಲಾಕಿ 3:5ರ ಮಾತನ್ನೂ ಒಪ್ಪಿದ್ದೇನೆ. ಮುಂದಿನ ಯುವಕೂಟದಲ್ಲಿ ಅವನ್ನು ಓದಿಸುತ್ತೇನೆ. ಆದರೆ ಒಂದನ್ನು ಬಿಟ್ಟುಕೊಡಲಾರೆ. ದೇವರು ಕೊಡುವವನು ಎಂಬುದನ್ನು ನಮ್ಮ ಹುಡುಗರು ಕೇಳುತ್ತಲೇ ಇರಬೇಕು. ನಮ್ಮ ಕೇರಿಯಲ್ಲಿ ಬೆಳೆದವರಿಗೆ ಹುಟ್ಟಿನಿಂದ ಬಂದ ಪಾಠ, ನಿಮಗೆ ಯಾವುದೂ ಸಲ್ಲುವುದಿಲ್ಲ ಎಂಬುದು. ಆ ಪಾಠವನ್ನು ಮುರಿದದ್ದು ಆಶೀರ್ವಾದದ ವಚನಗಳು. ನೀನು ತಲೆಯಾಗುವೆ, ಬಾಲವಾಗುವುದಿಲ್ಲ ಎಂದು ಓದಿ ನಮ್ಮ ತಂದೆ ಮೊದಲ ಬಾರಿ ಬ್ಯಾಂಕಿನ ಮೆಟ್ಟಿಲು ಹತ್ತಿದರು. ಆ ವಚನವನ್ನು ನಮ್ಮಿಂದ ಕಿತ್ತುಕೊಳ್ಳಬೇಡಿ.

ಬಳ್ಳಾರಿಯ ಜೀನ್ಸ್ ಹೊಲಿಗೆ ಕೆಲಸಗಾರ

ಕಿತ್ತುಕೊಳ್ಳುವುದಿಲ್ಲ ತಮ್ಮಾ. ನಮಗೂ ಆ ವಚನ ಬೇಕು. ಹಸಿದವನ ಕೈಗೆ ಕೊಟ್ಟರೆ ಅದು ರೊಟ್ಟಿ, ಬಿದ್ದವನ ಮೇಲೆ ಎಸೆದರೆ ಕಲ್ಲು. ನಿಮ್ಮ ತಂದೆಯವರ ಕೈಯಲ್ಲಿ ಅದು ರೊಟ್ಟಿಯಾಯಿತು, ದೇವರಿಗೆ ಸ್ತೋತ್ರ. ಅಕ್ಕನ ಮನೆಯಲ್ಲಿ ಏನಾಯಿತು ಎಂಬುದಷ್ಟೇ ನಮ್ಮ ತಕರಾರು.

ಸಿಂಧನೂರು ತಾಲ್ಲೂಕಿನ ಸಹೋದರಿ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ನಿನ್ನೆ ಉಪಾಧ್ಯಾಯರು ಬರೆದದ್ದನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ, ಆದರೆ 24:19 ಮತ್ತೊಮ್ಮೆ ಓದು ಎಂದರು. ನಮ್ಮ ಅತ್ತೆ ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ಉಳಿದದ್ದನ್ನು ಯಾರು ಆರಿಸಿದರೂ ಬೇಡ ಎನ್ನುತ್ತಿರಲಿಲ್ಲವಂತೆ. ಹಕ್ಕಲು ಆಯುವವರನ್ನು ಓಡಿಸಿದರೆ ಮುಂದಿನ ಬೆಳೆ ಮುನಿಯುತ್ತದೆ ಎನ್ನುತ್ತಿದ್ದರಂತೆ. ಅವರಿಗೆ ಓದು ಬರುತ್ತಿರಲಿಲ್ಲ.

ಈಗ ಇನ್ನೊಂದು ಸಂಕೋಚದ ಪ್ರಶ್ನೆ. ಮುಂದಿನ ಹಂಗಾಮಿಗೆ ಸಾಲ ಎತ್ತಬೇಕು. ಸಾಲವಾಗಿ ಬಂದ ಹಣದಲ್ಲಿಯೂ ಮೊದಲು ದಶಮಾಂಶ ತೆಗೆದಿಟ್ಟರೆ ಆ ಸಾಲ ಆಶೀರ್ವಾದವಾಗುತ್ತದೆ ಎಂದು ನಮ್ಮ ಕಡೆ ಕೆಲವರು ಹೇಳುತ್ತಾರೆ. ಹಾಗೆ ಮಾಡಬೇಕೇ?

ಗಂಗಾವತಿ ಕಡೆಯ ಸಭಾಪಾಲಕ

ಬೇಡ ಸಹೋದರಿ. ಖಂಡಿತ ಬೇಡ. ಧರ್ಮೋಪದೇಶಕಾಂಡ 14:22ರಲ್ಲಿ ದಶಮಾಂಶ ಹೇಳಿರುವುದು ಹೊಲದಲ್ಲಿ ಬೆಳೆದ ಹುಟ್ಟುವಳಿಯ ಮೇಲೆ. ಸಾಲ ಹುಟ್ಟುವಳಿಯಲ್ಲ, ಇನ್ನೊಬ್ಬರ ಹಣ. ಅದರಲ್ಲಿ ಕಾಣಿಕೆ ತೆಗೆದರೆ ಅದಕ್ಕೂ ಬಡ್ಡಿ ಕಟ್ಟುವವರು ನೀವೇ. 2 ಕೊರಿಂಥ 8:12ರಲ್ಲಿ ಪೌಲನು ಒಬ್ಬನ ಬಳಿ ಇರುವುದಕ್ಕೆ ತಕ್ಕಂತೆ ಕೊಟ್ಟರೆ ಅದು ಮೆಚ್ಚಿಕೆ, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ ಎಂದು ಬರೆದಿದ್ದಾನೆ. ಈ ವರ್ಷ ನೀವು ಕೊಡುವವರ ಸಾಲಿನಲ್ಲಿಲ್ಲ. 14:29ರ ಊರಬಾಗಿಲಲ್ಲಿ ಬಂದು ಉಣ್ಣಬೇಕಾದವರ ಸಾಲಿನಲ್ಲಿದ್ದೀರಿ. ಅದರಲ್ಲಿ ಅವಮಾನವೇನೂ ಇಲ್ಲ. ನಿಮ್ಮ ಸಭೆಯ ಬೊಕ್ಕಸದಿಂದ ನಿಮಗೆ ಅಕ್ಕಿ ಬರಬೇಕು. ಕೇಳಲು ಸಂಕೋಚವಾದರೆ ನಿಮ್ಮ ಸಭಾಪಾಲಕರೊಂದಿಗೆ ನಾನು ಮಾತನಾಡುತ್ತೇನೆ, ಒಪ್ಪಿಗೆ ತಿಳಿಸಿ.

ಸಂಘದವರು ಕಂತಿಗಾಗಿ ಮನೆ ಮುಂದೆ ಕೂತು ಪೀಡಿಸಿದರೆ ಸುಮ್ಮನಿರಬೇಡಿ. ಬಲವಂತದ ವಸೂಲಿಯ ವಿರುದ್ಧ ರಾಜ್ಯದಲ್ಲಿ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂದು, ಆಮೇಲೆ ಅದು ಕಾಯ್ದೆಯಾಗಿದೆ, ಠಾಣೆಯಲ್ಲಿ ದೂರು ಕೊಡಬಹುದು.

ನೀರಿನ ವಿಷಯದಲ್ಲಿ ನನ್ನ ಹೊಣೆಯೂ ಇದೆ. ನನ್ನ ಸಭೆಯಲ್ಲೇ ಕಾಲುವೆಗೆ ಪೈಪ್ ಇಳಿಸಿದವರಿದ್ದಾರೆ. ಈ ಭಾನುವಾರ 27ನೇ ಅಧ್ಯಾಯದ ಮೇಲೆಯೇ ಪ್ರಸಂಗ ಮಾಡುತ್ತೇನೆ. ಬಾಂದುಗಲ್ಲು ಸರಿಸುವುದಕ್ಕೂ ನೆರೆಯವನ ನೀರನ್ನು ಎತ್ತುವುದಕ್ಕೂ ದೇವರ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ ಎಂದು ಹೆಸರು ಹೇಳದೆ, ಆದರೆ ಮರೆಮಾಚದೆ ಹೇಳುತ್ತೇನೆ. ಕೆಲವರು ಸಭೆ ಬಿಡಬಹುದು.

ಮಾನ್ವಿ ಕಡೆಯ ರೈತ

ಅಯ್ಯನವರೇ, ಅವರು ಬಿಟ್ಟರೂ ನೀವು ಹೇಳಿ. ಅಕ್ಕ, ನಿಮ್ಮದು ಎಷ್ಟನೆಯ ವಿತರಣಾ ಕಾಲುವೆ, ಯಾವ ತೂಬು ಎಂದು ನನಗೆ ಖಾಸಗಿಯಾಗಿ ತಿಳಿಸಿ. ನಮ್ಮ ಕಡೆ ನೀರು ಬಳಕೆದಾರರ ಸಂಘದಲ್ಲಿ ಸರದಿ ಬರೆಸಿ, ಕಾಲುವೆಯ ನೀರಿನ ಮಟ್ಟ ತೋರಿಸುವ ಗೇಜಿನ ಅಳತೆಯನ್ನು ದಿನವೂ ಮೊಬೈಲಿನಲ್ಲಿ ಫೋಟೊ ತೆಗೆದು ಇಲಾಖೆಯವರಿಗೆ ಕೊಟ್ಟ ಮೇಲೆ ಸ್ವಲ್ಪ ಸುಧಾರಿಸಿದೆ. ನಾಟಿಗೆ ಮುಂಚೆಯೇ ಅರ್ಜಿ ಹಾಕಬೇಕು, ತೆನೆ ಬಂದ ಮೇಲೆ ಓಡಾಡಿ ಪ್ರಯೋಜನವಿಲ್ಲ. ಯಜಮಾನರನ್ನೂ ಕರೆದುಕೊಂಡು ಬನ್ನಿ, ನಾವು ನಾಲ್ಕು ಜನ ಜೊತೆಗಿರುತ್ತೇವೆ.